ಹೆಬ್ಬೇವಿನ ಕೋರ್ ಹಾಕಿದ ಪ್ಲೈ 72 ಗಂಟೆ ಕುದಿಸಿದರೆ ಪದರ ಬಿಡುತ್ತಿದೆ: ಸಂಶೋಧನಾ ಸಂಸ್ಥೆ ಜೊತೆ ಸೇರಿ ಕೆಲಸ ಮಾಡೋದು ಹೇಗೆ?

ಹುಣಸೂರು_ಪ್ಲೈ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಪ್ಲೈವುಡ್ ಘಟಕ. ದಿಮ್ಮಿಯನ್ನು ತೆಳು ಹಾಳೆಯಾಗಿ (ವಿನಿಯರ್) ಸುಲಿಯುವ ಸ್ಪಿಂಡಲ್‌ಲೆಸ್ ಪೀಲಿಂಗ್ ಲೈನ್ ಒಂದು, 10 ಡೇಲೈಟ್ (ಹಲಗೆ ಇಡುವ ಖಾನೆ) ಇರುವ ಹಾಟ್ ಪ್ರೆಸ್ ಒಂದು. ಕೋರ್‌ಗೆ (ಒಳಪದರಗಳಿಗೆ) ಹೆಬ್ಬೇವು ಮತ್ತು ಸಿಲ್ವರ್ ಓಕ್, ಫೇಸ್‌ಗೆ (ಹೊರಪದರಕ್ಕೆ) ಆಮದು ವಿನಿಯರ್, ಅಂಟು ಫೀನಾಲ್ ಫಾರ್ಮಾಲ್ಡಿಹೈಡ್. ಮುಖ್ಯವಾಗಿ 19 ಮಿ.ಮೀ. ಹಲಗೆ.

ಬಿಡಬ್ಲ್ಯೂಆರ್ (ಕುದಿನೀರು ತಾಳುವ) ದರ್ಜೆಯ 8 ಗಂಟೆ ಕುದಿಸುವ ಪರೀಕ್ಷೆ ದಾಟುತ್ತದೆ. ಅದಕ್ಕಿಂತ ಮೇಲಿನ ಬಿಡಬ್ಲ್ಯೂಪಿ (ಕುದಿನೀರಿಗೂ ಬಿಡದ) ದರ್ಜೆ ಅಂತ 72 ಗಂಟೆ ಕುದಿಸಿದರೆ ಕೆಲವು ಲಾಟ್ ಪಾಸು, ಕೆಲವು ಫೇಲು. ಸಿಲ್ವರ್ ಓಕ್ ಕೋರ್ ಇದ್ದಾಗ ಅಷ್ಟು ತೊಂದರೆ ಇಲ್ಲ. ಹೆಬ್ಬೇವು, ಅದರಲ್ಲೂ 5 ವರ್ಷದೊಳಗಿನ ಸಣ್ಣ ದಿಮ್ಮಿ ಬಂದಾಗ ಜಾಸ್ತಿ. ಅಂಟು ಕೊಡುವವರನ್ನು ಕೇಳಿದರೆ ಮರದ ಮೇಲೆ ಹಾಕುತ್ತಾರೆ, ಮರ ಕೊಡುವವರು ಅಂಟಿನ ಮೇಲೆ ಹಾಕುತ್ತಾರೆ. ಲ್ಯಾಬ್ ವರದಿಯಲ್ಲಿ ಮಾನದಂಡಕ್ಕೆ ಹೊಂದುತ್ತದೆ ಅಥವಾ ಹೊಂದುವುದಿಲ್ಲ ಅನ್ನೋ ಒಂದು ಸಾಲು ಬಿಟ್ಟರೆ ಕಾರಣ ಇರುವುದಿಲ್ಲ.

ಈಗ ದುಡ್ಡು ಹಾಕಿ ಸರಿಯಾಗಿ ಸಂಶೋಧನೆಯನ್ನೇ ಮಾಡಿಸೋಣ ಅನ್ನೋ ಯೋಚನೆ ಇದೆ. ಸಂಸ್ಥೆಯನ್ನು ಕೇಳುವ ಮೊದಲು ನಮ್ಮ ಕಡೆಯಿಂದ ಏನೇನು ತಯಾರಿ ಇರಬೇಕು? ಎಷ್ಟು ಮರ, ಎಷ್ಟು ಹಲಗೆ ಕೊಡಬೇಕಾಗುತ್ತದೆ? ಬಂದ ಫಲಿತಾಂಶ ಯಾರ ಸ್ವತ್ತು?


ಕರಾರು_ಕಡತ ಬರೆದದ್ದು:

ಪರೀಕ್ಷೆ ಬೇರೆ, ಸಂಶೋಧನೆ ಬೇರೆ ಸರ್. ಪರೀಕ್ಷೆಯ ಶುಲ್ಕ ಕಟ್ಟಿ ಸಂಶೋಧನೆಯ ಉತ್ತರ ಕೇಳಿದರೆ ಸಿಗುವುದಿಲ್ಲ. ಪರೀಕ್ಷಾ ವರದಿ ಲ್ಯಾಬಿನ ಕೈಗೆ ಬಂದ ತುಂಡಿಗೆ ಮಾತ್ರ ಅನ್ವಯ. ಆ ತುಂಡು ಯಾವ ದಿಮ್ಮಿಯದು, ಪ್ರೆಸ್‌ನ ಯಾವ ಡೇಲೈಟ್‌ನಲ್ಲಿತ್ತು, ಆವತ್ತು ವಿನಿಯರ್‌ನಲ್ಲಿ ತೇವ ಎಷ್ಟಿತ್ತು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ, ನೀವೂ ಬರೆದು ಕಳಿಸಿರುವುದಿಲ್ಲ.

ಸಂಸ್ಥೆ ಜೊತೆ ಮೂರು ದಾರಿ ಇವೆ. ಮಾದರಿ ಲೆಕ್ಕದಲ್ಲಿ ಪರೀಕ್ಷೆ ಒಂದು. ಗೊತ್ತಿರುವ ಒಂದು ಸಮಸ್ಯೆಗೆ ಕೆಲವು ತಿಂಗಳ ಸಲಹಾ ಕೆಲಸ, ಅಂದರೆ ಕನ್ಸಲ್ಟೆನ್ಸಿ, ಎರಡನೆಯದು. ನೀವು ಹಣ ಕೊಟ್ಟು, ಅವರು ವಿಜ್ಞಾನಿ ಮತ್ತು ಪ್ರಾಜೆಕ್ಟ್ ಸಹಾಯಕರನ್ನು ಹಾಕಿ ಮಾಡುವ ಪ್ರಾಯೋಜಿತ ಯೋಜನೆ ಮೂರನೆಯದು. ನೀವು ಹೇಳಿದ ಸಮಸ್ಯೆಗೆ ಎರಡನೆಯದು ಸಾಕು. ಹೊಸ ಅಂಟು ತಯಾರಿಸಬೇಕು, ಹೊಸ ತದ್ರೂಪಿ (ಕ್ಲೋನ್) ಗಿಡ ಬೆಳೆಸಿ ನೋಡಬೇಕು ಅಂದರೆ ಮಾತ್ರ ಮೂರನೆಯದಕ್ಕೆ ಹೋಗಿ, ಅದಕ್ಕೆ ವರ್ಷಗಳು ಬೇಕು.

ನಿಮಗೆ ಹತ್ತಿರದ್ದು ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಐಡಬ್ಲ್ಯೂಎಸ್‌ಟಿ. ಮರದ ಗುರುತು, ಸಾಂದ್ರತೆ, ಒಣಗಿಸುವುದು, ಸಂರಕ್ಷಣೆ ಎಲ್ಲ ಅಲ್ಲಿ ಆಗುತ್ತದೆ. ತುಮಕೂರು ರಸ್ತೆಯಲ್ಲಿ ಐಪಿಐಆರ್‌ಟಿಐ ಅಂತ ಇದ್ದ ಪ್ಲೈವುಡ್ ಸಂಸ್ಥೆಯೂ ಈಗ ಇದರ ಜೊತೆಗೇ ಸೇರಿದೆ. ನಿಮ್ಮ ಕೆಲಸಕ್ಕೆ ಎರಡೂ ಕಡೆಯವರು ಬೇಕು. ಮರದವರೊಬ್ಬರು, ಅಂಟಿನವರೊಬ್ಬರು ಅಂತ ಇಬ್ಬರು ವಿಜ್ಞಾನಿಗಳ ಹೆಸರೂ ಪ್ರಸ್ತಾವದಲ್ಲೇ ಇರಲಿ ಅಂತ ಕೇಳಿ. ಒಬ್ಬರೇ ಇದ್ದರೆ ಈಗ ನೀವು ಅನುಭವಿಸುತ್ತಿರುವ ಜಗಳವೇ ವರದಿಯಲ್ಲೂ ಮುಂದುವರಿಯುತ್ತದೆ.

ಹೋಗುವ ಮೊದಲು ಒಂದೇ ಒಂದು ಪುಟ ಬರೆದುಕೊಳ್ಳಿ. "ಗುಣಮಟ್ಟ ಸುಧಾರಿಸಬೇಕು" ಅಂತ ಬರೆದರೆ ಯಾವ ವರದಿ ಬಂದರೂ ಕೆಲಸ ಮುಗಿದಂತೆಯೇ. "5 ವರ್ಷದೊಳಗಿನ ಹೆಬ್ಬೇವಿನ ಕೋರ್ ಇರುವ 19 ಮಿ.ಮೀ. ಹಲಗೆ, ನಮ್ಮದೇ ಪ್ರೆಸ್‌ನಲ್ಲಿ ಒತ್ತಿದ್ದು, 72 ಗಂಟೆ ಕುದಿಸಿದರೂ ಬಿಡದಿರಲು ವಿನಿಯರ್ ತೇವ, ಅಂಟಿನ ಪ್ರಮಾಣ, ಒತ್ತಡ ಎಷ್ಟೆಷ್ಟಿರಬೇಕು" ಅಂತ ಬರೆದರೆ ಉತ್ತರ ಬಂದಿದೆಯೋ ಇಲ್ಲವೋ ಅಂತ ಯಾರಾದರೂ ಹೇಳಬಹುದು. "ನಮ್ಮದೇ ಪ್ರೆಸ್‌ನಲ್ಲಿ" ಅನ್ನುವುದನ್ನು ಬಿಡಬೇಡಿ. ಲ್ಯಾಬಿನ ಪುಟ್ಟ ಪ್ರೆಸ್‌ನಲ್ಲಿ ಒಂದು ಅಡಿ ಚೌಕದ ಹಲಗೆ ಚೆನ್ನಾಗಿ ಬಂದು, ಕಾರ್ಖಾನೆಯಲ್ಲಿ 8×4 ಕೈಕೊಡುವುದು ಬಹಳ ಸಾಮಾನ್ಯ.

ಹಣವನ್ನು ಹಂತಕ್ಕೆ ಕಟ್ಟಿ: ಮುಂಗಡ, ಕಾರ್ಖಾನೆ ಪ್ರಯೋಗ ಮುಗಿದ ಮೇಲೆ ಒಂದು ಕಂತು, ಕಚ್ಚಾ ಅಂಕಿಅಂಶ ಸಮೇತ ವರದಿ ಬಂದ ಮೇಲೆ ಉಳಿದದ್ದು. ಶುಲ್ಕದ ಮೇಲೆ 18% ಜಿಎಸ್‌ಟಿ ಬೀಳುತ್ತದೆ, ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. "ಕಚ್ಚಾ ಅಂಕಿಅಂಶ ಸಮೇತ" ಅನ್ನುವುದು ಕರಾರಿನಲ್ಲಿ ಇಲ್ಲದಿದ್ದರೆ ಸರಾಸರಿ ಮಾತ್ರ ಬರುತ್ತದೆ. ನಿಮ್ಮ ತೊಂದರೆ ಇರುವುದು ಸರಾಸರಿಯಲ್ಲಿ ಅಲ್ಲ, ಹಲಗೆಯಿಂದ ಹಲಗೆಗೆ ಇರುವ ವ್ಯತ್ಯಾಸದಲ್ಲಿ.

ಸ್ವತ್ತಿನ ವಿಷಯ. ಇಬ್ಬರೂ ಮೊದಲೇ ತಿಳಿದಿದ್ದು ಅವರವರದ್ದು, ಯೋಜನೆಯಲ್ಲಿ ಹೊಸದಾಗಿ ಹುಟ್ಟಿದ್ದನ್ನು ಹೇಗೆ ಹಂಚಿಕೊಳ್ಳುವುದು ಅಂತ ಬೇರೆಯಾಗಿ ಬರೆಯಿರಿ. ಸರ್ಕಾರಿ ಸಂಸ್ಥೆ ತನ್ನ ತಂತ್ರಜ್ಞಾನವನ್ನು ಒಬ್ಬರಿಗೇ ಶಾಶ್ವತವಾಗಿ ಬರೆದುಕೊಡಲಿ ಅಂತ ಹಟ ಹಿಡಿದರೆ ಮಾತುಕತೆ ಅಲ್ಲೇ ನಿಲ್ಲುತ್ತದೆ. ಬದಲಿಗೆ ಒಂದೆರಡು ವರ್ಷದ ಮೊದಲ ಹಕ್ಕು ಕೇಳಿ. ವಿಜ್ಞಾನಿಗಳಿಗೆ ಪ್ರಬಂಧ ಪ್ರಕಟಿಸುವುದು ಮುಖ್ಯ, ಅದಕ್ಕೆ ಅಡ್ಡ ಬರಬೇಡಿ. ಪ್ರಕಟಣೆಗೆ 60 ದಿನ ಮೊದಲು ಕರಡು ತೋರಿಸಬೇಕು ಅಂತ ಹಾಕಿ. ಪೇಟೆಂಟ್ ಅರ್ಜಿಗಿಂತ ಮೊದಲು ಪ್ರಬಂಧ ಹೊರಗೆ ಬಂದರೆ ಹೊಸತನ ಹೋಯಿತು ಅಂತಲೇ ಲೆಕ್ಕ. ಇಲ್ಲಿನ ಗಿಡಮರಗಳಿಂದ ತೆಗೆದ ವಸ್ತು ಬಳಸಿದ ಅಂಟಿಗೆ ಪೇಟೆಂಟ್ ಬೇಕಾದರೆ 2002ರ ಜೀವವೈವಿಧ್ಯ ಕಾಯ್ದೆಯೂ ಅನ್ವಯವಾಗುತ್ತದೆ, ಅದನ್ನು ಕೊನೆಗೆ ನೆನಪಿಸಿಕೊಂಡರೆ ಕಷ್ಟ.


ರೆಸಿನ್_ಕೆಟಲ್ ಬರೆದದ್ದು:

ಮೇಲಿನವರು ಹೇಳಿದ್ದು ಸರಿ. ಆದರೆ ದುಡ್ಡು ಕಟ್ಟುವ ಮೊದಲು ಕಾರ್ಖಾನೆಯಲ್ಲೇ ಅರ್ಧ ಉತ್ತರ ಸಿಗುತ್ತದೆ. ಫೇಲಾದ ತುಂಡುಗಳನ್ನು ಲ್ಯಾಬಿನಿಂದ ವಾಪಸ್ ತರಿಸಿ, ಎಸೆಯಬೇಡಿ. ಬಿಟ್ಟಿರುವ ಪದರವನ್ನು ಚಾಕುವಿನಿಂದ ಪೂರ್ತಿ ಎಬ್ಬಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಮರದ ನಾರು ಕಿತ್ತು ಬಂದು ಎರಡೂ ಕಡೆ ಅಂಟಿಕೊಂಡಿದ್ದರೆ ಅಂಟು ಗಟ್ಟಿ, ಮರ ಸೋತಿದೆ. ನಾರಿಲ್ಲದೆ ಕಪ್ಪು-ಕೆಂಪು ಅಂಟು ನುಣ್ಣಗೆ, ಹೊಳಪಾಗಿ ಕಂಡರೆ ಪ್ರೆಸ್‌ಗೆ ಹೋಗುವ ಮುಂಚೆಯೇ ಅಂಟು ಒಣಗಿತ್ತು ಅಂತ ಅರ್ಥ. ಎದುರು ಪದರದ ಮೇಲೆ ಅಂಟಿನ ಗುರುತೇ ಇಲ್ಲ, ಬರೀ ಮರ ಕಾಣುತ್ತದೆ ಅಂದರೆ ಅಲ್ಲಿ ಎರಡು ಪದರ ಮುಟ್ಟಿಕೊಂಡೇ ಇಲ್ಲ. ಅದು ವಿನಿಯರ್ ದಪ್ಪದ ತೊಂದರೆ. ಅಂಟೆಲ್ಲ ಮರದೊಳಗೆ ಇಂಗಿ ಕಲೆ ಮಾತ್ರ ಉಳಿದಿದ್ದರೆ ಅಂಟು ತೆಳುವಾಗಿದೆ ಅಥವಾ ವಿನಿಯರ್ ತೇವ ಜಾಸ್ತಿ ಇತ್ತು. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಫೋಟೊ ತೆಗೆದು ನಂಬರ್ ಹಾಕಿ ಇಡಿ, ಸಂಸ್ಥೆಗೆ ಹೋಗುವಾಗ ಮೊದಲು ತೋರಿಸಬೇಕಾದ್ದು ಇದೇ.

ಎಳೆ ಹೆಬ್ಬೇವಿನಲ್ಲಿ ನನ್ನ ಮೊದಲ ಅನುಮಾನ ದಪ್ಪದ ಮೇಲೆ. ದಿಮ್ಮಿ ಸಣ್ಣದು, ಒಂದು ತುದಿ ದಪ್ಪ ಒಂದು ತುದಿ ಸಣ್ಣ, ಒಳಗಿನ ತಿರುಳಿನ ಸುತ್ತ ಮರ ಮೆತ್ತಗೆ. ಸ್ಪಿಂಡಲ್‌ಲೆಸ್ ಯಂತ್ರ ಕೊನೆಯ ತೆಳ್ಳನೆಯ ಕೋಲು ಉಳಿಯುವವರೆಗೂ ಸುಲಿಯುತ್ತದೆ, ಹಾಗಾಗಿ ಮೆತ್ತಗಿನ ಭಾಗವೆಲ್ಲ ವಿನಿಯರ್ ಆಗಿ ಬರುತ್ತದೆ. 2.5 ಮಿ.ಮೀ. ಅಂತ ಇಟ್ಟರೂ ಒಂದೇ ಹಾಳೆಯಲ್ಲಿ 2.3, 2.7 ಸಿಗುತ್ತದೆ. ಇಂಥ ಎರಡು ಕೋರ್ ತುಂಡು ಅಕ್ಕಪಕ್ಕ ಕೂತರೆ ಒತ್ತಡವೆಲ್ಲ ದಪ್ಪದ ಮೇಲೆ ಹೋಗಿ ತೆಳು ತುಂಡಿನ ಜಾಗದಲ್ಲಿ ಅಂಟು ಕೂರುವುದೇ ಇಲ್ಲ. 8 ಗಂಟೆಯಲ್ಲಿ ಸುತ್ತಲಿನ ಭಾಗ ಹಿಡಿದುಕೊಂಡು ಪಾಸಾಗುತ್ತದೆ. 72 ಗಂಟೆಯಲ್ಲಿ, ಒತ್ತಿ ಚಪ್ಪಟೆ ಮಾಡಿದ ಮೆತ್ತಗಿನ ಮರ ಉಬ್ಬಿ ವಾಪಸ್ ಏಳುತ್ತದೆ, ಆಗ ಆ ದುರ್ಬಲ ಜಾಗದಿಂದಲೇ ಬಿಡಲು ಶುರು.

ಅಳತೆ ಹೀಗೆ ಮಾಡಿ. ದಿನಕ್ಕೆ 20 ಹಾಳೆ, ಪ್ರತಿ ಹಾಳೆಗೆ 9 ಜಾಗದಲ್ಲಿ ದಪ್ಪ, ಮೈಕ್ರೋಮೀಟರ್ ಅಥವಾ ಡಯಲ್ ಗೇಜ್‌ನಲ್ಲಿ. ಟೇಪು, ಸ್ಕೇಲು ಬೇಡ. ಒಂದು ಹಾಳೆಯೊಳಗೇ 0.2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಚಾಕು ಮಸೆಯುವ ಅವಧಿ, ರೋಲರ್ ಸವೆತ, ನೋಸ್ ಬಾರ್ (ಚಾಕುವಿನ ಮುಂದೆ ದಿಮ್ಮಿಯನ್ನು ಒತ್ತಿ ಹಿಡಿಯುವ ಪಟ್ಟಿ) ಅಂತರ ನೋಡಿ.

ತೇವಕ್ಕೆ ಕೈಮೀಟರ್ ಒಂದನ್ನೇ ನಂಬಬೇಡಿ, 6-7%ಗಿಂತ ಕೆಳಗೆ ಅದು ಸರಿಯಾಗಿ ಓದುವುದಿಲ್ಲ. ತುಂಡು ತೂಕ ಮಾಡಿ, 103 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಕ ಮಾಡಿ. 52.0 ಗ್ರಾಂ ಇದ್ದದ್ದು 48.6 ಆದರೆ, ವ್ಯತ್ಯಾಸ 3.4ನ್ನು 48.6ರಿಂದ ಭಾಗಿಸಿ, 7%. ಫೀನಾಲ್ ಅಂಟಿಗೆ 6ರಿಂದ 8% ಒಳ್ಳೆಯದು. ಡ್ರೈಯರ್‌ನಿಂದ ಬಂದಾಗ ಸರಿ ಇದ್ದದ್ದು ಮಳೆಗಾಲದಲ್ಲಿ ನಾಲ್ಕು ದಿನ ಅಟ್ಟಿಯಲ್ಲಿ ಕೂತರೆ ನಿಮ್ಮ ಕಡೆ ಹವೆಯಲ್ಲಿ ಏರಿರುತ್ತದೆ. ಆದ್ದರಿಂದ ಅಳೆಯಬೇಕಾದ್ದು ಅಂಟು ಹಚ್ಚುವ ಹೊತ್ತಿನಲ್ಲಿ, ಡ್ರೈಯರ್ ಬಾಯಲ್ಲಿ ಅಲ್ಲ. ತೇವ ಜಾಸ್ತಿ ಇದ್ದರೆ ಪ್ರೆಸ್ ತೆರೆದಾಗ ಒಳಗಿನ ಹಬೆ ಒಮ್ಮೆಲೇ ಹೊರಗೆ ನುಗ್ಗಿ ಗುಳ್ಳೆ ಏಳುತ್ತದೆ. ಗುಳ್ಳೆ ಹೊರಗೆ ಕಾಣದೆ ಒಳಪದರದಲ್ಲೇ ಆಗಿರಬಹುದು.

ಅಂಟಿನ ಪ್ರಮಾಣಕ್ಕೆ 30 ಸೆಂ.ಮೀ. ಚೌಕದ ಕೋರ್ ತುಂಡು ಕತ್ತರಿಸಿ ತೂಕ ಮಾಡಿ, ಅಂಟು ಹಚ್ಚುವ ಸ್ಪ್ರೆಡರ್‌ನಲ್ಲಿ ಹಾಯಿಸಿ ತಕ್ಷಣ ತೂಕ ಮಾಡಿ. ಎರಡೂ ಬದಿ ಸೇರಿ ಚದರ ಮೀಟರ್‌ಗೆ 320 ಗ್ರಾಂ ಬೇಕಾದರೆ ಆ ತುಂಡಿನ ಮೇಲೆ 29 ಗ್ರಾಂ ಕೂರಬೇಕು. ರೋಲರ್‌ನ ಎಡ, ನಡು, ಬಲ ಮೂರು ಕಡೆಯೂ ಹಾಯಿಸಿ ನೋಡಿ. ರಬ್ಬರ್ ನಡುವೆ ಸವೆದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಪ್ರೆಸ್ ಒತ್ತಡದಲ್ಲಿ ಬಹಳ ಜನ ಗೇಜ್ ಓದಿ ಅದನ್ನೇ ಹಲಗೆಯ ಮೇಲಿನ ಒತ್ತಡ ಅಂದುಕೊಳ್ಳುತ್ತಾರೆ. ಅಂಚು ಕತ್ತರಿಸದ ಹಲಗೆ 250×127 ಸೆಂ.ಮೀ. ಅಂದರೆ 31,750 ಚದರ ಸೆಂ.ಮೀ. ಹಲಗೆಯ ಮೇಲೆ ಚ. ಸೆಂ.ಮೀ.ಗೆ 11 ಕೆ.ಜಿ. ಬೇಕಾದರೆ ಒಟ್ಟು ಸುಮಾರು 350 ಟನ್. ಪ್ರೆಸ್ಸನ್ನು ಒತ್ತುವ, 30 ಸೆಂ.ಮೀ. ವ್ಯಾಸದ ನಾಲ್ಕು ರ್‍ಯಾಮ್ ಇದ್ದರೆ ಅವುಗಳ ಒಟ್ಟು ವಿಸ್ತೀರ್ಣ 2,827 ಚ. ಸೆಂ.ಮೀ.; ಗೇಜ್‌ನಲ್ಲಿ ಚ. ಸೆಂ.ಮೀ.ಗೆ ಸುಮಾರು 124 ಕೆ.ಜಿ. ಇರಬೇಕು. ನಿಮ್ಮ ರ್‍ಯಾಮ್ ಅಳತೆ ಹಾಕಿ ಲೆಕ್ಕ ಮಾಡಿ. ಸಿಲ್ವರ್ ಓಕ್‌ಗೆ ಇಟ್ಟ ಒತ್ತಡವನ್ನೇ ಎಳೆ ಹೆಬ್ಬೇವಿಗೂ ಇಟ್ಟರೆ ಹಲಗೆ ಅತಿಯಾಗಿ ಕುಗ್ಗುತ್ತದೆ. ಪ್ರೆಸ್‌ಗೆ ಮುಂಚಿನ ವಿನಿಯರ್ ದಪ್ಪಗಳ ಮೊತ್ತ ಮತ್ತು ಹೊರಬಂದ ಹಲಗೆಯ ದಪ್ಪ ಬರೆದಿಡಿ. ಕುಗ್ಗುವಿಕೆ 10% ಮುಟ್ಟುತ್ತಿದ್ದರೆ ಒತ್ತಡ ಇಳಿಸಿ ನೋಡಿ.

ಶಾಖ 140-145 ಡಿಗ್ರಿ ಇಟ್ಟಿರುತ್ತೀರಿ, ಆದರೆ 19 ಮಿ.ಮೀ. ಹಲಗೆಯ ನಟ್ಟನಡುವಿನ ಅಂಟುಪದರಕ್ಕೆ ಅದು ಯಾವಾಗ ಮುಟ್ಟುತ್ತದೆ? ಶಾಖ ಅಳೆಯುವ ಒಂದು ಥರ್ಮೋಕಪಲ್ ತಂತಿಯನ್ನು ಆ ಪದರದಲ್ಲಿಟ್ಟು ನಿಮಿಷಕ್ಕೊಮ್ಮೆ ಓದಿ. 100 ಡಿಗ್ರಿ ಹತ್ತಿರ ಬಹಳ ಹೊತ್ತು ನಿಂತುಬಿಟ್ಟರೆ ನೀರು ಆವಿಯಾಗುತ್ತಿದೆ, ಅಂಟು ಇನ್ನೂ ಬೆಂದಿಲ್ಲ. ಈ ಒಂದು ನಕ್ಷೆ ಸಂಸ್ಥೆಯವರ ಮುಂದಿಟ್ಟರೆ ಮೊದಲ ಸಭೆಯೇ ಬೇರೆ ಮಟ್ಟದಲ್ಲಿ ನಡೆಯುತ್ತದೆ.


ತೋಟದ_ಮರ ಬರೆದದ್ದು:

ಮರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. "5 ವರ್ಷದೊಳಗಿನ ಹೆಬ್ಬೇವು" ಅನ್ನುವುದನ್ನು ಪೂರೈಕೆದಾರರ ಬಾಯಿಮಾತಿನ ಮೇಲೆ ಬರೆದಿದ್ದರೆ ಅಧ್ಯಯನದ ಬುಡವೇ ಸಡಿಲ. ಹುಚ್ಚುಬೇವು ಬೆರೆತು ಬರುವುದೂ ಉಂಟು, ಸಿಪ್ಪೆ ತೆಗೆದ ಮೇಲೆ ಲಾರಿಯಲ್ಲಿ ಗುರುತು ಹಿಡಿಯುವುದು ಕಷ್ಟ. ಮಾದರಿ ದಿಮ್ಮಿಗಳ ಬುಡದಿಂದ ಒಂದೆರಡು ಇಂಚಿನ ಬಿಲ್ಲೆ ಕತ್ತರಿಸಿ ಐಡಬ್ಲ್ಯೂಎಸ್‌ಟಿಯಲ್ಲಿ ಮರದ ಗುರುತಿಗೆ ಕೊಡಿ. ಅದೇ ಬಿಲ್ಲೆಯಲ್ಲಿ ತಿರುಳಿನಿಂದ ಸಿಪ್ಪೆಯವರೆಗೆ ಸಾಂದ್ರತೆ ಹೇಗೆ ಏರುತ್ತದೆ ಅಂತಲೂ ನೋಡಬಹುದು.

ಮರ ಆರಿಸುವಾಗ ಒಂದೇ ತೋಟದ್ದು ಬೇಡ. ಕನಿಷ್ಠ ಮೂರು ತೋಟ, ಎರಡು ವಯಸ್ಸು, ನೆಟ್ಟ ವರ್ಷ ರೈತರ ದಾಖಲೆಯಿಂದ. ಪ್ರತಿ ಮರದ ದಿಮ್ಮಿಗೂ ಬುಡ, ನಡು, ತುದಿ ಅಂತ ಬಣ್ಣ ಹಚ್ಚಿ. ತುದಿ ದಿಮ್ಮಿಯಲ್ಲಿ ಗಂಟು ಜಾಸ್ತಿ, ಮರವೂ ಎಳೆಯದು. ಒಂದು ಲಾಟ್‌ನಲ್ಲಿ ಬುಡದ ದಿಮ್ಮಿ, ಇನ್ನೊಂದರಲ್ಲಿ ತುದಿಯದೇ ತುಂಬಿಕೊಂಡಿದ್ದರೆ ಪಾಸು-ಫೇಲು ವ್ಯತ್ಯಾಸಕ್ಕೆ ಅದೊಂದೇ ಸಾಕು, ವಯಸ್ಸು ಕಾರಣವೇ ಅಲ್ಲದಿರಬಹುದು. ಕಡಿದ ದಿನಾಂಕ ಮತ್ತು ಸುಲಿದ ದಿನಾಂಕ ಎರಡನ್ನೂ ಬರೆಯಿರಿ. ತುದಿ ಒಣಗಿ ಸೀಳಿದ ದಿಮ್ಮಿಯ ವಿನಿಯರ್ ಅಂಚಿನಲ್ಲಿ ಹರಿದಿರುತ್ತದೆ.

ಇದರಲ್ಲಿ ರೈತರನ್ನೂ ಸೇರಿಸಿಕೊಳ್ಳದೆ ಹೋದರೆ ಸಂಶೋಧನೆ ಅರ್ಧವೇ. ಟನ್ ಲೆಕ್ಕದಲ್ಲಿ ಒಂದೇ ದರ ಕೊಟ್ಟರೆ ಅವರು ಕೊಂಬೆ ಸವರುವುದಕ್ಕೆ, ಮರವನ್ನು ಇನ್ನೆರಡು ವರ್ಷ ನಿಲ್ಲಿಸುವುದಕ್ಕೆ ಕಾರಣವೇ ಇಲ್ಲ. ಮೊದಲ ಎರಡು ಮೂರು ವರ್ಷ ಹಸಿ ಕೊಂಬೆ ಇರುವಾಗಲೇ ಕಾಂಡಕ್ಕೆ ಹತ್ತಿಕೊಂಡಂತೆ ಸವರಿದರೆ ಗಂಟು ತಿರುಳಿನ ಹತ್ತಿರವೇ ಉಳಿಯುತ್ತದೆ. ಸುತ್ತಳತೆಗೆ ತಕ್ಕ ದರ, ಗಂಟಿಲ್ಲದ ದಿಮ್ಮಿಗೆ ಹೆಚ್ಚಿನ ದರ ಅಂತ ಬರೆದುಕೊಟ್ಟರೆ ಮುಂದಿನ ಕಟಾವಿಗೆ ನಿಮ್ಮ ಕಚ್ಚಾ ಮಾಲೇ ಬದಲಾಗುತ್ತದೆ.

ಕಾರ್ಖಾನೆ, ಸಂಶೋಧನೆ, ರೈತ ಮೂವರನ್ನೂ ಕಟ್ಟಿದ ಕೆಲಸಗಳು ದೇಶದಲ್ಲಿ ಇವೆ. ಐಟಿಸಿ ಭದ್ರಾಚಲಂನಲ್ಲಿ ಕಾಗದಕ್ಕಾಗಿ ನೀಲಗಿರಿ ತದ್ರೂಪಿಗಳನ್ನು ಆರಿಸಿ ರೈತರಿಗೆ ಕೊಟ್ಟದ್ದು ಗೊತ್ತೇ ಇದೆ. ತಮಿಳುನಾಡಿನ ಮೆಟ್ಟುಪಾಳ್ಯಂ ಅರಣ್ಯ ಕಾಲೇಜಿನಲ್ಲಿ ಕೈಗಾರಿಕಾ ಕೃಷಿ ಅರಣ್ಯದ ಒಕ್ಕೂಟವೇ ಇದೆ, ನರ್ಸರಿಯವರು, ಬೆಳೆಗಾರರು, ಪ್ಲೈ ಮತ್ತು ಕಾಗದದ ಕಾರ್ಖಾನೆಗಳು ಅದರಲ್ಲಿದ್ದಾರೆ. ನಿಮಗೆ ಪೊನ್ನಂಪೇಟೆ ಅರಣ್ಯ ಕಾಲೇಜು ಪಕ್ಕದಲ್ಲೇ ಇದೆ. ತೋಟದ ಸಮೀಕ್ಷೆ, ಮರದ ಅಳತೆಯ ಭಾಗವನ್ನು ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧವಾಗಿ ಮಾಡಿಸಬಹುದು. ಖರ್ಚು ಕಡಿಮೆ, ಕೆಲಸವೂ ಶ್ರದ್ಧೆಯಿಂದ ಆಗುತ್ತದೆ. ಶೈಕ್ಷಣಿಕ ವರ್ಷಕ್ಕೆ ಹೊಂದಿಸಿಕೊಳ್ಳಬೇಕು ಅಷ್ಟೆ.


ಹುಣಸೂರು_ಪ್ಲೈ ಬರೆದದ್ದು:

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಇನ್ನೆರಡು ಪ್ರಶ್ನೆ. ಕಾರ್ಖಾನೆ ಪ್ರಯೋಗ ಅಂದರೆ ಎಷ್ಟು ಹಲಗೆ, ಯಾವ ಕ್ರಮದಲ್ಲಿ ಒತ್ತಬೇಕು? ಇದೇ ತೊಂದರೆ ಸುತ್ತಮುತ್ತಲ ಇನ್ನೂ ನಾಲ್ಕೈದು ಘಟಕಗಳಿಗಿದೆ. ಎಲ್ಲರೂ ಸೇರಿ ಮಾಡಿಸಿದರೆ ಫಲಿತಾಂಶ ಎಲ್ಲರ ಪಾಲಾಗುವುದಿಲ್ಲವೇ?


ರೆಸಿನ್_ಕೆಟಲ್ ಬರೆದದ್ದು:

24 ಹಲಗೆ ಸಾಕು. ಮೂರು ವಿಷಯ, ಒಂದೊಂದಕ್ಕೆ ಎರಡು ಮಟ್ಟ ಇಟ್ಟುಕೊಳ್ಳಿ. ಮರ: 5 ವರ್ಷದೊಳಗಿನದು, 8 ವರ್ಷ ದಾಟಿದ್ದು. ವಿನಿಯರ್ ತೇವ: 6-8%, 10-12%. ಒತ್ತಡ: ಈಗ ನೀವು ಇಡುತ್ತಿರುವುದು, ಅದಕ್ಕಿಂತ ಚ. ಸೆಂ.ಮೀ.ಗೆ 2 ಕೆ.ಜಿ. ಕಡಿಮೆ. ಎಲ್ಲ ಜೋಡಣೆ ಸೇರಿದರೆ 8 ಆಗುತ್ತದೆ, ಪ್ರತಿಯೊಂದಕ್ಕೂ ಮೂರು ಹಲಗೆ.

ಒಂದು ತೊಡಕಿದೆ. ಒಂದು ಲೋಡ್‌ನಲ್ಲಿ ಎಲ್ಲ ಡೇಲೈಟ್‌ಗೂ ಒತ್ತಡ ಒಂದೇ, ಹಾಗಾಗಿ ಎರಡು ಒತ್ತಡ ಅಂದರೆ ಲೋಡ್‌ಗಳೇ ಬೇರೆ. ಆರು ಲೋಡ್ ಮಾಡಿ, ಮೂರು ಹೆಚ್ಚಿನ ಒತ್ತಡದಲ್ಲಿ, ಮೂರು ಕಡಿಮೆಯಲ್ಲಿ, ಪ್ರತಿ ಲೋಡ್‌ನಲ್ಲಿ ಮರ-ತೇವದ ನಾಲ್ಕು ಜೋಡಣೆಯ ಒಂದೊಂದು ಹಲಗೆ. ಉಳಿದ ಡೇಲೈಟ್‌ಗಳನ್ನು ಮಾಮೂಲಿ ಹಲಗೆಯಿಂದ ತುಂಬಿ, ಖಾಲಿ ಬಿಡಬೇಡಿ. ಮೇಲಿನ ಮತ್ತು ಕೆಳಗಿನ ಪ್ಲೇಟುಗಳ ಶಾಖ ನಡುವಿನದಕ್ಕಿಂತ ಬೇರೆ ಇರುವುದರಿಂದ ಪ್ರಯೋಗದ ಹಲಗೆಗಳು ನಡುವೆ ಬರಲಿ, ಆ ನಾಲ್ಕರ ಜಾಗವನ್ನು ಲೋಡ್‌ನಿಂದ ಲೋಡ್‌ಗೆ ಚೀಟಿ ಎತ್ತಿ ಬದಲಿಸಿ. ಎರಡು ಒತ್ತಡಗಳನ್ನೂ ಬೆಳಗ್ಗೆ ಒಂದು, ಸಂಜೆ ಒಂದು ಅಂತ ಮಾಡದೆ ಬೆರೆಸಿ ಒತ್ತಿ, ಇಲ್ಲದಿದ್ದರೆ ಕಲಸಿದ ಅಂಟು ಹೊತ್ತು ಹೋದಂತೆ ಬದಲಾಗುವುದೇ ಒತ್ತಡದ ಪರಿಣಾಮದಂತೆ ಕಾಣುತ್ತದೆ. ಅಂಟು ಒಂದೇ ಬ್ಯಾಚ್, ಸುಲಿತ ಒಂದೇ ಸಲ ಮಸೆದ ಚಾಕುವಿನಲ್ಲಿ.

24 ಹಲಗೆ ಅಂದರೆ ಸಿದ್ಧ ಮಾಲೇ 1.36 ಘನ ಮೀಟರ್. ಸುಲಿತದ ನಷ್ಟ, ಒಣಗುವಾಗಿನ ಕುಗ್ಗುವಿಕೆ, ಅಂಚು ಸೇರಿ ಮೂರೂವರೆ ಘನ ಮೀಟರ್ ದಿಮ್ಮಿ ಇಟ್ಟುಕೊಳ್ಳಿ, ಅರ್ಧ ಎಳೆಯದು ಅರ್ಧ ಬಲಿತದ್ದು.

ಪ್ರತಿ ಹಲಗೆಯ ನಾಲ್ಕು ಮೂಲೆ ಮತ್ತು ನಡುವಿನಿಂದ ತುಂಡು ತೆಗೆಯಿರಿ, ಅಂಚಿನಿಂದ 15 ಸೆಂ.ಮೀ. ಬಿಟ್ಟು. ತುಂಡಿನ ಮೇಲೆ ಬರೀ ಸಂಖ್ಯೆ ಇರಲಿ, ಯಾವುದು ಎಳೆಯದು ಯಾವುದು ಬಲಿತದ್ದು ಅಂತ ಕುದಿಸುವವರಿಗೆ ಗೊತ್ತಾಗಬಾರದು. ಪ್ರತಿ ಜಾಗದಿಂದ ಒಂದು ಜೋಡಿ ತುಂಡು ನಿಮ್ಮಲ್ಲೇ ಒಣಗಿದ ಜಾಗದಲ್ಲಿ ಇಟ್ಟುಕೊಳ್ಳಿ. ಫಲಿತಾಂಶದ ಬಗ್ಗೆ ತಕರಾರು ಬಂದರೆ ಅದೇ ಸಾಕ್ಷಿ. ಪಾಸು-ಫೇಲು ಮಾತ್ರ ಬೇಡ, ಚಾಕು ಪರೀಕ್ಷೆಯಲ್ಲಿ ನಾರು ಎಷ್ಟು ಶೇಕಡಾ ಕಿತ್ತಿದೆ ಅನ್ನುವುದನ್ನು ಪ್ರತಿ ಅಂಟುಪದರಕ್ಕೂ ಬರೆಯಲು ಹೇಳಿ. ಹೊರಪದರ ಬಿಟ್ಟಿದೆಯೋ ನಡುಪದರವೋ ಅನ್ನುವುದರಲ್ಲೇ ಶಾಖದ ಕೊರತೆಯ ಸುಳಿವು ಇರುತ್ತದೆ.


ಕರಾರು_ಕಡತ ಬರೆದದ್ದು:

ಎರಡನೆಯ ಪ್ರಶ್ನೆಗೆ: ಸೇರಿ ಮಾಡಿಸುವುದೇ ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ತುಮಕೂರು ರಸ್ತೆಯ ಆ ಪ್ಲೈವುಡ್ ಸಂಸ್ಥೆ 1962ರಲ್ಲಿ ಶುರುವಾದದ್ದೇ ಕಾರ್ಖಾನೆಗಳೂ ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ ಕೂಡಿ ನಡೆಸುವ ಸಹಕಾರಿ ಪ್ರಯೋಗಾಲಯವಾಗಿ. ಪೈಪೋಟಿ ಇರುವುದು ಮಾರಾಟದಲ್ಲಿ, ಎಳೆ ಹೆಬ್ಬೇವಿನ ಸಾಂದ್ರತೆ ಎಷ್ಟು ಅನ್ನುವುದರಲ್ಲಿ ಅಲ್ಲ.

ಕೆಲಸವನ್ನು ಎರಡು ಭಾಗ ಮಾಡಿ. ಮರದ ಗುರುತು, ವಯಸ್ಸು, ಸಾಂದ್ರತೆ, ವಿನಿಯರ್ ದಪ್ಪದ ಏರುಪೇರು, ತೇವದ ಮಿತಿ ಎಲ್ಲರ ಹಣದಲ್ಲಿ, ಎಲ್ಲರಿಗೂ ಸೇರಿದ್ದು. ಅವರವರ ಪ್ರೆಸ್‌ನ ಒತ್ತಡ, ಸಮಯ, ಅಂಟಿನ ಸೂತ್ರ ಪ್ರತಿ ಘಟಕಕ್ಕೆ ಪ್ರತ್ಯೇಕ ಅನುಬಂಧದಲ್ಲಿ, ಗೌಪ್ಯವಾಗಿ, ಅವರದೇ ಖರ್ಚಿನಲ್ಲಿ. ಸಾಮಾನ್ಯ ವರದಿಯಲ್ಲಿ ಘಟಕಗಳ ಹೆಸರು ಬೇಡ, ಸಂಕೇತ ಸಾಕು. ನಡುವೆ ಒಬ್ಬರು ಬಿಟ್ಟುಹೋದರೆ ಕಟ್ಟಿದ ಪಾಲು ವಾಪಸ್ ಇಲ್ಲ, ಅಲ್ಲಿಯವರೆಗಿನ ಅಂಕಿಅಂಶ ಅವರಿಗೆ ಸಿಗುತ್ತದೆ ಅಂತ ಬರೆಯಿರಿ. ಹಣ ಒಬ್ಬರ ಖಾತೆಯಿಂದಲೇ ಸಂಸ್ಥೆಗೆ ಹೋಗಲಿ, ಐದು ಕಡೆಯ ಕಂತುಗಳನ್ನು ಅವರ ಲೆಕ್ಕಪತ್ರ ವಿಭಾಗ ಹೊಂದಿಸಲು ಹೋದರೆ ಕೆಲಸ ನಿಲ್ಲುತ್ತದೆ.

ಇನ್ನೊಂದು. ಗುರಿ ಮರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ ಐಎಸ್ 710 ಆದರೆ ಕುದಿತ ದಾಟಿದರೆ ಸಾಲದು, ಅದರಲ್ಲಿ ಮರದ ಜಾತಿ ಮತ್ತು ಸಂರಕ್ಷಕ ಉಪಚಾರದ ಷರತ್ತುಗಳೂ ಇವೆ. ಪ್ರಸ್ತಾವ ಬರೆಯುವ ಮೊದಲು ಮಾನದಂಡದ ಚಾಲ್ತಿ ಆವೃತ್ತಿ ತರಿಸಿ, ಕೋರ್ ಮರದ ಭಾಗವನ್ನು ವಿಜ್ಞಾನಿಗಳ ಜೊತೆ ಕೂತು ಓದಿ. ಐಎಸ್‌ಐ ಗುರುತು ಕಡ್ಡಾಯವಾಗಿರುವ ಈ ಹೊತ್ತಿನಲ್ಲಿ, ಪಾಸಾದ ಹಲಗೆಗೆ ಯಾವ ಮಾನದಂಡದ ಮುದ್ರೆ ಹಾಕಬಹುದು ಅನ್ನುವುದು ಮೊದಲ ದಿನವೇ ತೀರ್ಮಾನವಾಗಲಿ.